ಗುರುವಾರ, ಎರಡರಿಂದ ನಾಲ್ಕು

ಕಾಗದದಲ್ಲಿ ಬರೆದಿತ್ತು: ನಾಲ್ಕು ಎಕರೆ, ಮಣ್ಣಿಟ್ಟಿಗೆಯ ಮನೆ,
ಬಾವಿ ಒಂದು, ಮೂರು ದಿಕ್ಕಿಗೂ ನೋಟ.
ನೋಟ ಎಂಬ ಮಾತಿನ ಕೆಳಗೆ
ದಲ್ಲಾಳಿ ಟಫೋಯಾ ನೀಲಿ ಗೆರೆ ಎಳೆದಿದ್ದ.

ನೋಟಕ್ಕೆ ನಾನು ಹೊಸಬಳಲ್ಲ.
ಇಪ್ಪತ್ತೊಂಬತ್ತು ವರ್ಷ ಬಂದರಿನ ಕ್ರೇನಿನ ಗಾಜುಗೂಡಲ್ಲಿ ಕೂತು
ಹಡಗಿನ ಹೊಟ್ಟೆಯಿಂದ ಪೆಟ್ಟಿಗೆ ಎತ್ತಿದವಳು.
ಸಮುದ್ರ ಕಾಲಡಿ. ಮಂಜು ಕಾಲಡಿ.
ಯಾರ ಮುಖವೂ ಕಾಣದಷ್ಟು ಎತ್ತರ;
ಹೆಲ್ಮೆಟ್ಟುಗಳು ಮಾತ್ರ, ಚೆಲ್ಲಿದ ಕಡಲೆಬೇಳೆಯ ಹಾಗೆ.

ಏಪ್ರಿಲ್ಲು. ಏಳೂವರೆ ಸಾವಿರ ಅಡಿ ಮೇಲಿನ ಕಣಿವೆ.
ಇಲ್ಲಿ ಮರುಭೂಮಿಯೆಂದರೆ ಮರಳಲ್ಲ,
ಬೂದುಬಣ್ಣದ ಪೊದೆ, ಪೊದೆಯ ನೆರಳಲ್ಲಿ ಹಿಮದ ಚೂರು,
ತುಟಿ ಒಡೆಸುವ ಗಾಳಿ.
ಪೂರ್ವಕ್ಕೆ ಬೆಟ್ಟ. ಅದರ ಬಗ್ಗೆ ಏನೂ ಹೇಳಲಾರೆ.
ನೋಡಿದೆ. ಕೈಚೀಲ ಕೆಳಗಿಟ್ಟೆ.

ಮಾರುವವಳು ಯೂಫೇಮಿಯಾ ಮೊಂದ್ರಗೋನ್.
ಐವತ್ತೆಂಟು ವಯಸ್ಸು, ಬರುವ ತಿಂಗಳು ಎರಡನೇ ಮದುವೆ,
ಗಂಡು ತಗ್ಗಿನೂರಲ್ಲಿ ಟೈರಿನ ಅಂಗಡಿ ಇಟ್ಟವನು.
ಮನೆಯ ಬಗ್ಗೆ ಅವಳಿಗೆ ಅಳುವೇನೂ ಇರಲಿಲ್ಲ.
ಬೆಟ್ಟದ ಕಡೆಯ ಗೋಡೆಗೆ ಒಂದೇ ಕಿಟಕಿ,
ಊಟದ ತಟ್ಟೆಯಷ್ಟು.
"ಇದೇನು, ಇಂಥ ಬೆಟ್ಟ ಇಟ್ಟುಕೊಂಡು?" ಎಂದೆ.
"ಗಾಳಿ ಬರೋದೂ ಆ ಕಡೆಯಿಂದಲೇ.
ಅಜ್ಜ ಚಳಿಗೆ ಬೆನ್ನು ಕೊಟ್ಟು ಕಟ್ಟಿದ.
ಬೆಟ್ಟ ಬೇಕಾದರೆ ಹೊರಗೆ ಬಾ.
ಕಕ್ಕಸು ಹೊರಗಿತ್ತು. ದಿನಾ ನೋಡುತ್ತಿದ್ದೆವು."

ಮನಸ್ಸಲ್ಲೇ ಗೋಡೆ ಒಡೆದೆ.
ಎಂಟಡಿಗೆ ಆರಡಿ ಗಾಜು. ಗಾಜಿನ ಮುಂದೆ ಕುರ್ಚಿ.
ಕುರ್ಚಿಯಲ್ಲಿ ನಾನು.
ಕೈಯಲ್ಲಿ ಕ್ರೇನಿನ ಹಿಡಿ ಇಲ್ಲ, ಅಷ್ಟೇ.

ಟಫೋಯಾ ಪತ್ರ ಹರವಿದ.
ಒಲೆ ಹೊಗೆ ಕಾರುತ್ತದೆ ಎಂಬುದನ್ನೂ ಬರೆದಿದ್ದ, ಪಾಪ.
ಯೂಫೇಮಿಯಾ ಮೇಜಿನಾಚೆಯಿಂದ: "ನೀರು?"
"ಬಾವಿ ಇದೆಯಲ್ಲ?"
"ಬಾವಿ ಕುಡಿಯೋಕೆ. ನಾನು ಕೇಳಿದ್ದು ನೀರು."

ಹೊಲದಂಚಿಗೆ ಕರೆದೊಯ್ದಳು.
ನಾನು ಚರಂಡಿ ಅಂದುಕೊಂಡಿದ್ದ ಕಾಲುವೆ
ಹೋದ ವರ್ಷದ ಎಲೆ ಹೊದ್ದು ಮಲಗಿತ್ತು.
ಅಸೇಕಿಯಾ ಅನ್ನುತ್ತಾರೆ ಇಲ್ಲಿ. ಮೇಲಿನ ಹಳ್ಳದಿಂದ ಹೊರಟು
ಹದಿನೇಳು ಮನೆಗೆ ಹಂಚಿಕೊಂಡು ಇಳಿಯುತ್ತದೆ.
ಅಲ್ಲಿದ್ದ ಬೆಲಾರ್ಮಿನೋ, ಆ ಕಾಲುವೆಯ ನೀರುಗಂಟಿ,
ಮೊದಲು ನನ್ನ ಬೂಟು ನೋಡಿದ, ಮುಖ ಆಮೇಲೆ.
"ಈ ಮನೆಯ ಸರದಿ ಗುರುವಾರ ರಾತ್ರಿ ಎರಡರಿಂದ ನಾಲ್ಕು.
ತೂಬು ನೀನೇ ಎತ್ತಬೇಕು, ನೀನೇ ಇಳಿಸಬೇಕು.
ಐದು ನಿಮಿಷ ಮೀರಿದರೆ
ಕೆಳಗಿನ ಓರ್ಟೇಗಾ ಬರುತ್ತಾನೆ. ಒಳ್ಳೆಯವನು. ಬೈತಾನೆ.
ಹೂಳು ತೆಗೆಯುವ ದಿನ ಮನೆಗೊಂದು ಸಲಿಕೆ.
ಸಲಿಕೆಗೊಂದು ಆಳು."

"ನೀರು ಬೇಡ ಅಂದರೆ?"
ಟಫೋಯಾ ಪೆನ್ನಿಗೆ ಮುಚ್ಚಳ ಹಾಕಿದ.
"ಹೋದ ವರ್ಷ ಒಬ್ಬ ಬಂದಿದ್ದ," ಎಂದಳು ಯೂಫೇಮಿಯಾ.
"ನೋಟ ನನಗಿರಲಿ, ನೀರು ಪೇಟೆಗೆ ಮಾರುತ್ತೇನೆ ಅಂದ.
ಕಾಫಿ ಕೊಟ್ಟು ಕಳಿಸಿದೆ."
ಕಾಗದದ ಚಿತ್ರಕ್ಕೆ ಬೆರಳಿಟ್ಟಳು. ಜೂನಿನ ಚಿತ್ರ.
ಬೆಟ್ಟದ ಬುಡದಲ್ಲಿ ಹಸಿರೊಂದು ಪಟ್ಟಿ.
"ಇದು ತಾನಾಗಿ ಬಂತು ಅಂದುಕೊಂಡೆಯಾ?"

ಸಹಿ ಮಾಡಿದೆ. ಯಾಕೆ ಅಂತ ಈಗಲೂ ಸರಿಯಾಗಿ ಗೊತ್ತಿಲ್ಲ.

ಈಗ ಜೂನ್, ಗುರುವಾರ, ರಾತ್ರಿ ಎರಡು.
ಬೆಟ್ಟ ಇದೆಯೋ ಇಲ್ಲವೋ, ಅಷ್ಟು ಕತ್ತಲೆ.
ತೂಬು ಎತ್ತಿದರೆ ಮೊದಲು ಬರುವುದು ನೀರಲ್ಲ, ಸದ್ದು:
ಒಣಗಿದ ಎಲೆಗಳು ಒಂದನ್ನೊಂದು ದೂಡುತ್ತ
ಸಂತೆಗೆ ಹೊರಟ ಹೆಂಗಸರ ಹಾಗೆ.
ಆಮೇಲೆ ನೊರೆ, ಕಸ, ಒಂದು ಸತ್ತ ಜೀರುಂಡೆ,
ಆಮೇಲೆ ನನ್ನ ಬೂಟಿನೊಳಗೆ, ಹಿಮದಷ್ಟು ತಣ್ಣಗೆ.

ಕೆಳಗಿನ ಬದುವಿನಿಂದ ಟಾರ್ಚು ಹತ್ತಿ ಬಂತು.
ಟಾರ್ಚಿನ ಹಿಂದೆ ಓರ್ಟೇಗಾ, ಟೋಪಿಯಿಲ್ಲದೆ,
ಗಲ್ಲದ ಮೇಲೆ ದಿಂಬಿನ ಗೆರೆ ಇನ್ನೂ ಹಾಗೇ.
"ಮೂರು ಐವತ್ತೆಂಟು," ಎಂದ.
ತೂಬು ಇಳಿಸಿದೆ.

ಗಾಜು ಮೊನ್ನೆಯೇ ಬಂದಿದೆ.
ಗೋಡೆಗೆ ಒರಗಿ ನಿಂತಿದೆ, ಕಟ್ಟು ಬಿಚ್ಚಿಲ್ಲ.